ಪೊಟ್ಯಾಸಿಯಂ ಚಾನಲ್ ತೆರೆದರೆ ಕ್ಲೋರೆಲ್ಲಾ ಕೋಶ ಡೀಪೋಲರೈಸ್ ಆಗುವುದು ಹೇಗೆ?

ಹಸಿರುನೀರು ಕೇಳಿದ್ದು

ಕ್ಲೋರೋವೈರಸ್‌ಗಳ, ಅಂದರೆ ಕ್ಲೋರೆಲ್ಲಾದಂಥ ಏಕಕೋಶ ಹಸಿರು ಪಾಚಿಗೆ ಸೋಂಕು ಹಚ್ಚುವ ವೈರಸ್ಸುಗಳ ಬಗ್ಗೆ ತಿಳಿದವರು ಬಿಡಿಸಿ ಹೇಳಬೇಕು. ಪಿಬಿಸಿವಿ-1 ವೈರಸ್ಸು ಕ್ಲೋರೆಲ್ಲಾ ವೇರಿಯಾಬಿಲಿಸ್ ಎನ್‌ಸಿ64ಎ ಕೋಶಕ್ಕೆ ಅಂಟಿಕೊಂಡ ಕೆಲವೇ ನಿಮಿಷಗಳಲ್ಲಿ ಕೋಶಪೊರೆ ಡೀಪೋಲರೈಸ್ ಆಗುತ್ತದೆ (ಒಳಭಾಗದ ಋಣ ವೋಲ್ಟೇಜ್ ತಗ್ಗುತ್ತದೆ), ಅದಕ್ಕೆ ವೈರಸ್ಸೇ ಹೊತ್ತು ತರುವ ಕೆಸಿವಿ ಎಂಬ ಪೊಟ್ಯಾಸಿಯಂ ಚಾನಲ್ ಕಾರಣ ಎಂದು ಓದಿದೆ. ನರಕೋಶದ ಪಾಠದಲ್ಲಿ ಕಲಿತದ್ದಕ್ಕೆ ಇದು ತಾಳೆಯಾಗುತ್ತಿಲ್ಲ. ಅಲ್ಲಿ ಪೊಟ್ಯಾಸಿಯಂ ಚಾನಲ್ ತೆರೆದರೆ ಪೊಟ್ಯಾಸಿಯಂ ಹೊರಗೆ ಹರಿದು ಕೋಶದ ಒಳಭಾಗ ಇನ್ನಷ್ಟು ಋಣವಾಗುತ್ತದೆ. ಇಲ್ಲಿ ಮಾತ್ರ ಉಲ್ಟಾ ಏಕೆ?

ಇದರ ಜೊತೆಗೆ ಇನ್ನೊಂದು ಗಂಟು. ಸೋಂಕು ತಗುಲಿದಾಗ ಕೋಶದಿಂದ ಪೊಟ್ಯಾಸಿಯಂ ಸೋರಿಹೋಗುತ್ತದೆ, ಅದರಿಂದ ಒಳಗಿನ ಒತ್ತಡ ಇಳಿದು ವೈರಸ್ಸಿನ ಡಿಎನ್‌ಎ ಒಳನುಗ್ಗಲು ಸಲೀಸಾಗುತ್ತದೆ ಎನ್ನುತ್ತಾರೆ. ಡೀಪೋಲರೈಸೇಶನ್ ಮತ್ತು ಈ ಸೋರಿಕೆ ಎರಡೂ ಒಂದೇ ಘಟನೆಯೇ?

ಕಡೆಯದಾಗಿ, ನಮ್ಮ ವಿಭಾಗದಲ್ಲಿ ಫ್ಲೋರಿಮೀಟರ್, ಪೊಟ್ಯಾಸಿಯಂ ಎಲೆಕ್ಟ್ರೋಡ್, ಫ್ಲೇಮ್ ಫೋಟೋಮೀಟರ್ ಮೂರೂ ಇವೆ. ಪೊರೆಯ ವಿದ್ಯುತ್ತನ್ನು ನೇರವಾಗಿ ಅಳೆಯುವ ಪ್ಯಾಚ್ ಕ್ಲಾಂಪ್ ಇಲ್ಲ. ಇಷ್ಟರಲ್ಲೇ ಸೋಂಕಿನ ಮೊದಲ ಅರ್ಧ ಗಂಟೆಯನ್ನು ಅಳೆಯಲು ಸಾಧ್ಯವೇ? ಬೇರಿಯಂ, ಸೀಸಿಯಂ, ಅಮಾಂಟಡೀನ್ ಹಾಕಿ ಚಾನಲ್ ಮುಚ್ಚಿ ನೋಡುವ ಯೋಚನೆಯಿದೆ. ಎಲ್ಲೆಲ್ಲಿ ಎಡವುವ ಸಂಭವವಿದೆ ಎಂದು ಮೊದಲೇ ತಿಳಿದರೆ ಒಳ್ಳೆಯದು.

---

ಪೊರೆಯಾಚೆ ಉತ್ತರಿಸಿದ್ದು

ಚಾನಲ್ಲಿಗಿಂತ ಮೊದಲು ಆತಿಥೇಯ ಕೋಶವನ್ನು ನೋಡಿ, ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಚಾನಲ್ ಒಂದು ದಾರಿ ಮಾತ್ರ. ಅದು ತೆರೆದಾಗ ಪೊರೆಯ ವೋಲ್ಟೇಜ್ ಪೊಟ್ಯಾಸಿಯಂನ ಸಮತೋಲನ ವೋಲ್ಟೇಜಿನ (ಅದರ ನಿವ್ವಳ ಹರಿವು ನಿಲ್ಲುವ ವೋಲ್ಟೇಜಿನ) ಕಡೆಗೆ ಸರಿಯುತ್ತದೆ. ಮೇಲಕ್ಕೋ ಕೆಳಕ್ಕೋ ಎಂಬುದು ವೋಲ್ಟೇಜ್ ಮೊದಲು ಎಲ್ಲಿತ್ತು ಎಂಬುದರ ಮೇಲೆ ನಿಂತಿದೆ. ನರಕೋಶದ ವಿಶ್ರಾಂತ ವೋಲ್ಟೇಜ್ ಸುಮಾರು −70 ಮಿಲಿವೋಲ್ಟ್, ಪೊಟ್ಯಾಸಿಯಂನ ಸಮತೋಲನ ಸುಮಾರು −90. ಹಾಗಾಗಿ ಚಾನಲ್ ತೆರೆದರೆ ಕೆಳಗಿಳಿಯುತ್ತದೆ. ಪಾಚಿ, ಗಿಡ, ಶಿಲೀಂಧ್ರಗಳ ಲೆಕ್ಕ ಬೇರೆ. ಅವುಗಳ ಪೊರೆಯಲ್ಲಿ ಎಟಿಪಿ ಸುಡುತ್ತಾ ಪ್ರೋಟಾನುಗಳನ್ನು ಹೊರದಬ್ಬುವ ಪಂಪ್ ಇದೆ. ಪಂಪ್ ಜೋರಾಗಿ ನಡೆಯುವಾಗ ವೋಲ್ಟೇಜ್ ಪೊಟ್ಯಾಸಿಯಂ ಸಮತೋಲನಕ್ಕಿಂತಲೂ ಕೆಳಗೆ ನಿಲ್ಲಬಲ್ಲದು.

ಈ ಪಾಚಿ ಬೆಳೆಸುವ ಪೋಷಕ ದ್ರಾವಣದಿಂದಲೇ, ಅಂದರೆ ಮಾಧ್ಯಮದಿಂದಲೇ ಲೆಕ್ಕ ಹಾಕೋಣ. ಬೋಲ್ಡ್ಸ್ ಬೇಸಲ್ ಮಾಧ್ಯಮದಲ್ಲಿ ಲೀಟರಿಗೆ ಕೆ2ಎಚ್‌ಪಿಒ4 75 ಮಿ.ಗ್ರಾಂ., ಕೆಎಚ್2ಪಿಒ4 175 ಮಿ.ಗ್ರಾಂ., ಇಡಿಟಿಎ ಕರಗಿಸಲು ಹಾಕುವ ಕೆಒಎಚ್ 31 ಮಿ.ಗ್ರಾಂ. ಒಟ್ಟು ಪೊಟ್ಯಾಸಿಯಂ ಸುಮಾರು 2.7 ಮಿಲಿಮೋಲಾರ್. ಕೋಶದೊಳಗೆ 100 ಮಿಲಿಮೋಲಾರ್ ಎಂದಿಟ್ಟುಕೊಂಡರೆ, 25 ಡಿಗ್ರಿಯಲ್ಲಿ ಹತ್ತು ಪಟ್ಟಿಗೆ 59 ಮಿಲಿವೋಲ್ಟಿನಂತೆ ಸಮತೋಲನ ಸುಮಾರು −92 ಮಿಲಿವೋಲ್ಟ್. ಪಂಪ್ ಕೋಶವನ್ನು ಇದಕ್ಕಿಂತ ಕೆಳಗೆ, −130ರಲ್ಲಿ ಹಿಡಿದಿದೆ ಎನ್ನಿ. ಈಗ ಪೊರೆಗೆ ನಾಲ್ಕಾರು ಪೊಟ್ಯಾಸಿಯಂ ಚಾನಲ್ ಬಂದು ಸೇರಿದರೆ ವೋಲ್ಟೇಜ್ −92ರ ಕಡೆಗೆ ಏರುತ್ತದೆ. ಅದೇ ಡೀಪೋಲರೈಸೇಶನ್.

ಚಾನಲ್ ಪೊರೆಗೆ ಬಂದು ಸೇರುವ ಬಗೆಯೂ ಸೊಗಸಾಗಿದೆ. ಪಿಬಿಸಿವಿ-1 ಸುಮಾರು 190 ನ್ಯಾನೋಮೀಟರ್ ಅಗಲದ ಇಪ್ಪತ್ತು ಮುಖಗಳ ಕಣ. ಹೊರಗೆ ಪ್ರೋಟೀನ್ ಕ್ಯಾಪ್ಸಿಡ್, ಅದರ ಒಳಮೈಗೆ ಅಂಟಿದಂತೆ ಒಂದು ಲಿಪಿಡ್ ಪೊರೆ, ಅದರೊಳಗೆ ಸುಮಾರು 3.3 ಲಕ್ಷ ಬೇಸ್ ಜೋಡಿಗಳ ಡಿಎನ್‌ಎ. ಹನ್ನೆರಡು ಮೂಲೆಗಳಲ್ಲಿ ಒಂದಕ್ಕೆ ಮಾತ್ರ ಮೊಳೆಯಂಥ ಚಾಚು ಇದೆ. ಆ ಮೂಲೆಯಿಂದಲೇ ಕಣ ಕೋಶಭಿತ್ತಿಗೆ ಕಚ್ಚಿಕೊಳ್ಳುತ್ತದೆ. ಕಣದಲ್ಲೇ ಬಂದ ಕಿಣ್ವಗಳು ಕಚ್ಚಿದ ಜಾಗದಲ್ಲಿ ಭಿತ್ತಿಯನ್ನು ಕರಗಿಸಿ ಕಿಂಡಿ ಮಾಡುತ್ತವೆ. ಆಮೇಲೆ ವೈರಸ್ಸಿನ ಒಳಪೊರೆ ಕೋಶಪೊರೆಯ ಜೊತೆ ಬೆಸೆಯುತ್ತದೆ, ಡಿಎನ್‌ಎ ಒಳಗೆ ಹೋಗುತ್ತದೆ, ಖಾಲಿ ಕ್ಯಾಪ್ಸಿಡ್ ಹೊರಗೇ ಉಳಿಯುತ್ತದೆ. ಚಾನಲ್ ಆ ಒಳಪೊರೆಯಲ್ಲಿದ್ದರೆ ಬೆಸುಗೆಯಾದ ಗಳಿಗೆಯಲ್ಲೇ ಅದು ಆತಿಥೇಯನ ಪೊರೆಯ ಭಾಗವಾಗಿಬಿಡುತ್ತದೆ. ಹೊಸದಾಗಿ ಜೀನ್ ಓದಿ ಪ್ರೋಟೀನ್ ಕಟ್ಟುವವರೆಗೆ ಕಾಯಬೇಕಿಲ್ಲ.

ಕೆಸಿವಿ ಎಷ್ಟು ಪುಟ್ಟದೆಂದರೆ ಅದರಲ್ಲಿರುವುದು ಕೇವಲ 94 ಅಮೈನೋ ಆಮ್ಲಗಳು. ಎ250ಆರ್ ಜೀನ್ ಅದಕ್ಕೆ ಸಂಕೇತ. ಪೊರೆ ದಾಟುವ ಎರಡು ಸುರುಳಿ, ನಡುವೆ ರಂಧ್ರದ ಪುಟ್ಟ ಸುರುಳಿ, ಅದರ ಬದಿಗೆ ಪೊಟ್ಯಾಸಿಯಂ ಚಾನಲ್‌ಗಳಲ್ಲೆಲ್ಲ ಕಾಣುವ ಆಯ್ಕೆ-ಸೋಸಕದ ಥ್ರಿಯೊನೀನ್-ವ್ಯಾಲೀನ್-ಗ್ಲೈಸೀನ್-ಫಿನೈಲಲನೀನ್-ಗ್ಲೈಸೀನ್ ಸಾಲು. ಇಂಥ ನಾಲ್ಕು ತುಣುಕು ಸೇರಿ ಒಂದು ಚಾನಲ್. ದೊಡ್ಡ ಚಾನಲ್‌ಗಳಿಗೆ ಕೋಶದೊಳಕ್ಕೆ ಇಳಿಬಿದ್ದ ಉದ್ದನೆಯ ನಿಯಂತ್ರಕ ಭಾಗಗಳಿರುತ್ತವೆ, ಇದಕ್ಕೆ ಅದೇನೂ ಇಲ್ಲ. 2000ರಲ್ಲಿ ಈ ಪ್ರೋಟೀನನ್ನು ಕಪ್ಪೆಯ ಮೊಟ್ಟೆಯಲ್ಲಿ ಮೂಡಿಸಿ ಪೊಟ್ಯಾಸಿಯಂ ಹರಿವನ್ನು ಅಳೆದು, ಬೇರಿಯಂ ಮತ್ತು ಅಮಾಂಟಡೀನ್ ಅದನ್ನು ತಡೆಯುತ್ತವೆ ಎಂದು ತೋರಿಸಿದರು. ಅದೇ ಅಮಾಂಟಡೀನ್ ಪಿಬಿಸಿವಿ-1ರ ಪ್ಲಾಕ್‌ಗಳನ್ನೂ (ಕೋಶಹಾಸಿನಲ್ಲಿ ವೈರಸ್ ಕೋಶಗಳನ್ನು ಕೊಂದಲ್ಲಿ ಮೂಡುವ ತಿಳಿ ಚುಕ್ಕೆಗಳನ್ನು) ತಗ್ಗಿಸಿತು. ನೆಬ್ರಾಸ್ಕಾದ ಜೇಮ್ಸ್ ವ್ಯಾನ್ ಎಟೆನ್, ಡಾರ್ಮ್‌ಸ್ಟಾಟ್‌ನ ಗೆರ್ಹಾರ್ಡ್ ಥೀಲ್, ಮಿಲಾನೋದ ಅನ್ನಾ ಮೊರೋನಿ ಇವರ ಗುಂಪುಗಳಿಂದ ಈ ವಿಷಯದ ಬಹುಪಾಲು ತಿಳಿವಳಿಕೆ ಬಂದಿದೆ.

ಇಲ್ಲಿ ಬಹಳ ದಿನ ಒಂದು ತಕರಾರು ಇತ್ತು. ಪಿಬಿಸಿವಿ-1 ಕಣದ ಪ್ರೋಟೀನುಗಳನ್ನೆಲ್ಲ ಪಟ್ಟಿ ಮಾಡಿದ ಪ್ರೋಟಿಯೋಮಿಕ್ಸ್ ಕೆಲಸಗಳಲ್ಲಿ ಕೆಸಿವಿ ಸಿಕ್ಕಿರಲಿಲ್ಲ. ಚಾನಲ್ ಕಣದಲ್ಲೇ ಇಲ್ಲದಿದ್ದರೆ ಮೇಲಿನ ವಿವರಣೆ ಉರುಳಿಬೀಳುತ್ತದೆ. 2013ರಲ್ಲಿ ಎಂಎ-1ಡಿ ಎಂಬ ವೈರಸ್ಸಿನ ಚಾನಲ್ ವಿರುದ್ಧ ತಯಾರಿಸಿದ ಪ್ರತಿಕಾಯ ಬಳಸಿ ಹುಡುಕಿದಾಗ, ಅದೇ ಬಗೆಯ ಚಾನಲ್ ಇರುವ ವೈರಸ್ಸುಗಳ ಕಣಗಳಲ್ಲಿ ಅದು ಸಿಕ್ಕಿತು. ಚಾನಲ್ ಜೀನ್ ಇಲ್ಲದ ಕ್ಲೋರೋವೈರಸ್ಸಿನಲ್ಲಿ ಸಿಗಲಿಲ್ಲ. ಸೆಮಿನಾರಿಗೋ ಪ್ರಬಂಧಕ್ಕೋ ಇದನ್ನು ಬಳಸುವುದಾದರೆ ಆ ಎರಡನೆಯ ಸಾಲನ್ನು ಬಿಡಬೇಡಿ, ಮೊದಲನೆಯದಕ್ಕೆ ತೂಕ ಬರುವುದೇ ಅದರಿಂದ.

---

ಟರ್ಗರ್ ಉತ್ತರಿಸಿದ್ದು

ಪೊರೆಯಾಚೆ ಅವರು ಹೇಳಿದ್ದು ಸರಿ. ಆದರೆ ಅಲ್ಲಿಗೆ ನಿಲ್ಲಿಸಿದರೆ ನಿಮ್ಮ ಎರಡನೆಯ ಪ್ರಶ್ನೆಗೆ ತಪ್ಪು ಉತ್ತರ ಹೊರಡುತ್ತದೆ.

ಗಮನಿಸಿ: ವೋಲ್ಟೇಜ್ −130ರಲ್ಲಿದ್ದು ಸಮತೋಲನ −92 ಆಗಿದ್ದರೆ, ಚಾನಲ್ ತೆರೆದ ಕೂಡಲೇ ಪೊಟ್ಯಾಸಿಯಂ ಹೊರಗಲ್ಲ, ಒಳಗೆ ಹರಿಯುತ್ತದೆ. ಧನ ಅಯಾನು ಒಳಗೆ ಬಂದದ್ದರಿಂದಲೇ ಡೀಪೋಲರೈಸೇಶನ್. ವೋಲ್ಟೇಜ್ −92 ಮುಟ್ಟಿದರೆ ನಿವ್ವಳ ಹರಿವು ಸೊನ್ನೆ. ಹಾಗಿದ್ದ ಮೇಲೆ ಪ್ರಯೋಗಗಳಲ್ಲಿ ನಿಜವಾಗಿ ಅಳೆದು ನೋಡಿರುವ ಪೊಟ್ಯಾಸಿಯಂ ಸೋರಿಕೆ ಎಲ್ಲಿಂದ ಬಂತು? ಪರೀಕ್ಷಿಸಿದ 8 ಕ್ಲೋರೆಲ್ಲಾ ವೈರಸ್ಸುಗಳೂ ತಮ್ಮ ತಮ್ಮ ಆತಿಥೇಯ ಕೋಶದಿಂದ ಪೊಟ್ಯಾಸಿಯಂ ಹೊರಡಿಸಿದವು, ಕೋಶದೊಳಗಿನ ಪೊಟ್ಯಾಸಿಯಂ ಇಳಿಯಿತು ಎಂಬುದು 2008ರ ಅಳತೆ. ಅದು ಆಗಬೇಕಾದರೆ ವೋಲ್ಟೇಜ್ ಸಮತೋಲನಕ್ಕಿಂತ ಮೇಲೆ ಹೋಗಬೇಕು, ಹೋದದ್ದು ಅಲ್ಲೇ ಉಳಿಯಲೂ ಬೇಕು. ಅದನ್ನು ಪೊಟ್ಯಾಸಿಯಂ ಚಾನಲ್ ಒಂದೇ ಮಾಡಲಾರದು.

ಅಂಕಿಗಳನ್ನು ಹಾಕಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಕೋಶದ ವ್ಯಾಸ 5 ಮೈಕ್ರಾನ್ ಎನ್ನಿ. ಮೇಲ್ಮೈ 78.5 ಚದರ ಮೈಕ್ರಾನ್. ಪೊರೆಯ ಧಾರಕತೆ ಚದರ ಸೆಂಟಿಮೀಟರಿಗೆ 1 ಮೈಕ್ರೋಫ್ಯಾರಡ್ ಹಿಡಿದರೆ ಇಡೀ ಕೋಶಕ್ಕೆ ಸುಮಾರು 0.8 ಪಿಕೋಫ್ಯಾರಡ್. ವೋಲ್ಟೇಜನ್ನು 60 ಮಿಲಿವೋಲ್ಟ್ ಸರಿಸಲು ಬೇಕಾದದ್ದು ಸುಮಾರು 3 ಲಕ್ಷ ಅಯಾನು. ಅದೇ ಕೋಶದ ಗಾತ್ರ 65 ಫೆಮ್ಟೋಲೀಟರ್. 100 ಮಿಲಿಮೋಲಾರ್ ಲೆಕ್ಕದಲ್ಲಿ ಒಳಗಿರುವ ಪೊಟ್ಯಾಸಿಯಂ ಅಯಾನುಗಳು ಸುಮಾರು 390 ಕೋಟಿ. ಅಂದರೆ ಡೀಪೋಲರೈಸೇಶನ್ ಪೂರ್ತಿಯಾಗಲು ಇರುವ ಪೊಟ್ಯಾಸಿಯಂನ ಹತ್ತು ಸಾವಿರದಲ್ಲಿ ಒಂದು ಪಾಲೂ ಅಲುಗಬೇಕಿಲ್ಲ. ವೋಲ್ಟೇಜ್ ಬದಲಾಯಿತು ಎಂದಮಾತ್ರಕ್ಕೆ ಟರ್ಗರ್ ಒತ್ತಡ (ಕೋಶದೊಳಗಿನ ನೀರು ಭಿತ್ತಿಯನ್ನು ಒತ್ತುವ ಒತ್ತಡ) ಇಳಿಯಿತು ಎಂದು ಹೇಳುವ ಹಾಗಿಲ್ಲ.

ಇನ್ನೊಂದು ದಿಕ್ಕಿನಿಂದ ನೋಡಿ. ಒಂದೇ ಚಾನಲ್ 1 ಪಿಕೋಆಂಪಿಯರ್ ಬಿಟ್ಟರೆ ಸೆಕೆಂಡಿಗೆ ಸುಮಾರು 62 ಲಕ್ಷ ಅಯಾನು. ಹತ್ತು ನಿಮಿಷ ಹಾಗೇ ಹರಿದರೆ 370 ಕೋಟಿ, ಹೆಚ್ಚುಕಡಿಮೆ ಕೋಶದ ಪೂರ್ತಿ ದಾಸ್ತಾನು. ದಾರಿ ಸಾಲದೆಂಬ ಕೊರತೆ ಇಲ್ಲವೇ ಇಲ್ಲ. ಕೊರತೆ ಇರುವುದು ವಿದ್ಯುದಾವೇಶದ ಸರಿದೂಗಿಕೆಯಲ್ಲಿ. 390 ಕೋಟಿ ಧನ ಅಯಾನು ಹೊರಬೀಳಬೇಕಾದರೆ ಅಷ್ಟೇ ಋಣ ಅಯಾನು ಜೊತೆಗೆ ಹೊರಡಬೇಕು, ಇಲ್ಲವೇ ಪ್ರೋಟಾನಿನಂಥ ಬೇರೆ ಧನ ಅಯಾನು ಒಳಬರಬೇಕು. ಆತಿಥೇಯನ ಸ್ವಂತ ಋಣ ಅಯಾನು ಚಾನಲ್‌ಗಳು ಡೀಪೋಲರೈಸೇಶನ್ನಿಗೆ ತೆರೆದುಕೊಳ್ಳುವುದು, ಪ್ರೋಟಾನ್ ಪಂಪ್ ಸೊರಗುವುದು, ಬೆಸುಗೆಯ ಜಾಗದಲ್ಲಿ ಪೊರೆ ಸ್ವಲ್ಪ ಸೋರುವುದು, ಯಾವುದೂ ಅಸಂಭವವಲ್ಲ. 2008ರ ಕೆಲಸದಲ್ಲೂ ಚಾನಲ್ ತಡೆಗಳು ಸೋರಿಕೆಯನ್ನು ಭಾಗಶಃ ಮಾತ್ರ ತಗ್ಗಿಸಿದವು. ಆ ‘ಭಾಗಶಃ’ ಎಂಬ ಮಾತನ್ನು ಸಾರಾಂಶ ಬರೆಯುವವರು ನುಂಗಿಹಾಕುತ್ತಾರೆ, ಅಲ್ಲೇ ಇಡೀ ವಿಷಯ ಜಾರಿಹೋಗುತ್ತದೆ.

ಒತ್ತಡದ ಲೆಕ್ಕಕ್ಕೆ: 25 ಡಿಗ್ರಿಯಲ್ಲಿ 1 ಮಿಲಿಮೋಲಾರ್ ಕರಗಿದ ಕಣ ಸುಮಾರು 2.5 ಕಿಲೋಪಾಸ್ಕಲ್ ಆಸ್ಮಾಟಿಕ್ ಒತ್ತಡ ಕೊಡುತ್ತದೆ. 100 ಮಿಲಿಮೋಲಾರ್ ಪೊಟ್ಯಾಸಿಯಂ, ಜೊತೆಗೆ ಅಷ್ಟೇ ಒಂಟಿ ಆವೇಶದ ಋಣ ಅಯಾನು ಹೋದರೆ ಅರ್ಧ ಮೆಗಾಪಾಸ್ಕಲ್ ಹೋದಂತೆ. ಪಿಬಿಸಿವಿ-1ಗೆ ಇದು ಸಣ್ಣ ಸಹಾಯವಲ್ಲ. ಈ ವೈರಸ್ಸುಗಳ ಕಣದಲ್ಲಿ ಡಿಎನ್‌ಎ ಸಾಂದ್ರತೆ ಘನ ನ್ಯಾನೋಮೀಟರಿಗೆ ಸುಮಾರು 0.2 ಬೇಸ್ ಜೋಡಿ, ಬ್ಯಾಕ್ಟೀರಿಯಾಗಳಿಗೆ ತಗಲುವ ಫೇಜ್ ವೈರಸ್ಸುಗಳಲ್ಲಿ ತುರುಕಿರುವಷ್ಟು ಬಿಗಿಯಲ್ಲ. ಸೋಂಕು ವಿಫಲವಾದಾಗ ಡಿಎನ್‌ಎ ಕಣದಿಂದ ಹೊರಗೆ ಚಿಮ್ಮುವುದನ್ನು ಕಂಡಿದ್ದಾರೆ, ಹಾಗಾಗಿ ತಳ್ಳುವ ಬಲ ಇದೆ. ಎದುರಿನ ಒತ್ತಡ ಇಳಿದಷ್ಟೂ ಆ ಬಲಕ್ಕೆ ಕೆಲಸ ಹಗುರ.

ನಿಮ್ಮ ಪ್ರಶ್ನೆಗೆ ನೇರವಾಗಿ: ಎರಡೂ ಬೇರೆ ಬೇರೆ ಘಟನೆ. ಒಂದರ ಬೆನ್ನಿಗೇ ಇನ್ನೊಂದು, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಬರುತ್ತವೆ. ಮೊದಲನೆಯದಕ್ಕೆ ಕೆಸಿವಿ ಸಾಕು, ಎರಡನೆಯದಕ್ಕೆ ಅದು ಬಾಗಿಲು ಮಾತ್ರ. ಆದ್ದರಿಂದ ಅಳೆಯುವಾಗ ಎರಡನ್ನೂ ಬೇರೆಯಾಗಿಯೇ ಅಳೆಯಿರಿ.

---

ಅಗಾರ್ ತಟ್ಟೆ ಉತ್ತರಿಸಿದ್ದು

ಅಳತೆ ವಿಷಯ ನಾನು ಹೇಳ್ತೀನಿ. ನಿಮ್ಮ ಹತ್ರ ಇರೋ ಉಪಕರಣ ಸಾಕು, ಆದ್ರೆ ದ್ರಾವಣಗಳಲ್ಲಿ ಬಲೆಗಳು ಜಾಸ್ತಿ.

ಮೊದಲು ಕೋಶ. ಸಂಗ್ರಹಾಲಯದಲ್ಲಿ ಸಿಗೋ ಮಾಮೂಲಿ ಕ್ಲೋರೆಲ್ಲಾ ವಲ್ಗ್ಯಾರಿಸ್ ತಂದ್ರೆ ಏನೂ ಆಗಲ್ಲ. ಪಿಬಿಸಿವಿ-1 ಎನ್‌ಸಿ64ಎ ಬಳಗದ ಕೋಶಗಳನ್ನಷ್ಟೇ ಹಿಡಿಯುತ್ತೆ. ಮೈಕ್ರಾಕ್ಟಿನಿಯಂ ಕಂಡಕ್ಟ್ರಿಕ್ಸ್ ಪಿಬಿಐ ಹಿಡಿಯೋ ವೈರಸ್ಸುಗಳೇ ಬೇರೆ, ಎಸ್‌ಎಜಿ 3.83 ಅನ್ನೋ ಇನ್ನೊಂದು ತಳಿ ಹಿಡಿಯೋವು ಇನ್ನೂ ಬೇರೆ. ಇದನ್ನೇ ನಿಮ್ಮ ಕಂಟ್ರೋಲ್ ಮಾಡ್ಕೊಳ್ಳಿ: ಎನ್‌ಸಿ64ಎ ಕೋಶಕ್ಕೆ ಪಿಬಿಐ ವೈರಸ್ ಹಾಕಿದ್ರೆ ವೋಲ್ಟೇಜ್ ಆಗ್ಲಿ ಪೊಟ್ಯಾಸಿಯಂ ಆಗ್ಲಿ ಅಲುಗಬಾರ್ದು. ಅಲುಗಿದ್ರೆ ನೀವು ನೋಡ್ತಿರೋದು ಸೋಂಕಲ್ಲ, ದ್ರಾವಣದ ತೊಂದರೆ.

ಎನ್‌ಸಿ64ಎ ಬೆಳೆಸೋಕೆ ಬೋಲ್ಡ್ಸ್ ಮಾಧ್ಯಮಕ್ಕೆ 0.5 ಶೇಕಡಾ ಸುಕ್ರೋಸ್, 0.1 ಶೇಕಡಾ ಪ್ರೋಟಿಯೋಸ್ ಪೆಪ್ಟೋನ್ ಸೇರಿಸ್ತಾರೆ. 25 ಡಿಗ್ರಿ, ಎಡೆಬಿಡದ ಬೆಳಕು, ನಿಧಾನ ಅಲುಗಾಟ. ಸಕ್ಕರೆ ಇರೋದ್ರಿಂದ ಬ್ಯಾಕ್ಟೀರಿಯಾ ಬೇಗ ಏರುತ್ತೆ, ಪ್ರತಿ ಸಲ ಸೂಕ್ಷ್ಮದರ್ಶಕದಲ್ಲಿ ನೋಡೇ ಮುಂದಕ್ಕೆ ಹೋಗಿ. ಬೆಳವಣಿಗೆ ನಿಂತಿರೋ ಹಳೇ ಕೋಶಗಳು ಬೇಡ, ಚುರುಕಾಗಿ ಬೆಳೀತಿರೋ ಹಂತದಲ್ಲೇ ತಗೊಳ್ಳಿ.

ಪ್ಲಾಕ್ ಎಣಿಕೆಗೆ: ಮಿ.ಲೀ.ಗೆ 40 ಕೋಟಿ ಕೋಶ ಇರೋ ಹಾಗೆ ಸಾಂದ್ರ ಮಾಡಿದ ಕೋಶ 0.3 ಮಿ.ಲೀ., ತೆಳು ಮಾಡಿದ ವೈರಸ್ 0.1 ಮಿ.ಲೀ., 0.75 ಶೇಕಡಾದ ಮೆದು ಅಗಾರ್ 2.5 ಮಿ.ಲೀ. ಸೇರಿಸಿ 1.5 ಶೇಕಡಾ ಅಗಾರ್ ತಟ್ಟೆ ಮೇಲೆ ಸುರೀರಿ. ಮೆದು ಅಗಾರ್ 45 ಡಿಗ್ರಿ ಆಸುಪಾಸು ಇರಲಿ. ಇನ್ನೂ ಬಿಸಿ ಇದ್ರೆ ಕೋಶ ಸಾಯುತ್ತೆ, ತಣ್ಣಗಾದ್ರೆ ಗಂಟು ಕಟ್ಟುತ್ತೆ. ಎರಡು ಮೂರು ದಿನಕ್ಕೆ ಹಸಿರು ಹಾಸಿನಲ್ಲಿ ತಿಳಿ ಚುಕ್ಕೆ ಕಾಣುತ್ತೆ.

ಎಷ್ಟು ವೈರಸ್ ಹಾಕ್ಬೇಕು ಅನ್ನೋದು ಇಲ್ಲಿ ಮುಖ್ಯ. ನೀವು ಅಳೆಯೋದು ಕೋಟಿಗಟ್ಟಲೆ ಕೋಶಗಳ ಸರಾಸರಿ. ಕೋಶಕ್ಕೊಂದು ಪ್ಲಾಕ್ ಘಟಕದ ಲೆಕ್ಕದಲ್ಲಿ ಹಾಕಿದ್ರೆ 37 ಶೇಕಡಾ ಕೋಶಕ್ಕೆ ಸೋಂಕೇ ತಗುಲಲ್ಲ, ಸಂಕೇತ ಮಂಕಾಗುತ್ತೆ. ಐದರ ಲೆಕ್ಕ ಹಾಕಿದ್ರೆ ತಪ್ಪಿಸ್ಕೊಳ್ಳೋದು 0.7 ಶೇಕಡಾ ಮಾತ್ರ. 5ರಿಂದ 10 ಇರಲಿ.

ಈಗ ಬಹಳ ಜನ ಎಡವೋ ಜಾಗ. ಕೋಶ ಒಡೆದು ಬಂದ ಲೈಸೇಟನ್ನು ಹಾಗೇ ವೈರಸ್ ಅಂತ ಹಾಕಿದ್ರೆ, ಸತ್ತ ಕೋಶಗಳ ಪೊಟ್ಯಾಸಿಯಂ ಎಲ್ಲ ಅದ್ರಲ್ಲೇ ಇರುತ್ತೆ. ಹಾಕಿದ ಕ್ಷಣ ಎಲೆಕ್ಟ್ರೋಡ್ ಜಿಗಿಯುತ್ತೆ, ಅದನ್ನೇ ಸೋಂಕಿನ ಸೋರಿಕೆ ಅಂದ್ಕೋತಾರೆ. ವೈರಸ್ಸನ್ನು 10ರಿಂದ 40 ಶೇಕಡಾದ ಸುಕ್ರೋಸ್ ಇಳಿಜಾರಿನಲ್ಲಿ (ಗ್ರೇಡಿಯೆಂಟ್) ಶುದ್ಧ ಮಾಡಿ, ಪೊಟ್ಯಾಸಿಯಂ ಇಲ್ಲದ ಟ್ರಿಸ್ ಬಫರಿನಲ್ಲಿ ತೊಳೆದು ಇಡಿ. ವೈರಸ್ ಇಲ್ಲದ ಅದೇ ಬಫರನ್ನು ಅಷ್ಟೇ ಪ್ರಮಾಣ ಹಾಕಿ ಒಂದು ಖಾಲಿ ಓಟವನ್ನೂ ತೆಗೀರಿ.

ಪೊಟ್ಯಾಸಿಯಂ ಎಲೆಕ್ಟ್ರೋಡ್ ಬಳಸೋದಾದ್ರೆ ಬೋಲ್ಡ್ಸ್ ಮಾಧ್ಯಮದಲ್ಲೇ ಅಳೆಯೋಕೆ ಹೋಗ್ಬೇಡಿ. ಟರ್ಗರ್ ಅವರ ಲೆಕ್ಕವನ್ನೇ ಹಿಡಿದ್ರೆ, ಮಿ.ಲೀ.ಗೆ 10 ಕೋಟಿ ಕೋಶ ಇದ್ದು ಒಳಗಿನ ಪೊಟ್ಯಾಸಿಯಂ ಪೂರ್ತಿ ಹೊರಗೆ ಬಂದ್ರೂ ಏರೋದು 0.65 ಮಿಲಿಮೋಲಾರ್. ಹೊರಗೆ ಆಗ್ಲೇ 2.7 ಇದ್ರೆ ಎಲೆಕ್ಟ್ರೋಡಿನ ಬದಲಾವಣೆ ಬರೀ 5.5 ಮಿಲಿವೋಲ್ಟ್, ಅಲೆದಾಟದಲ್ಲೇ ಮುಳುಗಿಹೋಗುತ್ತೆ. ಹೊರಗೆ 0.1 ಮಿಲಿಮೋಲಾರ್ ಇಟ್ಟುಕೊಂಡ್ರೆ ಅದೇ ಸೋರಿಕೆ 50 ಮಿಲಿವೋಲ್ಟ್ ದಾಟುತ್ತೆ. ಹಾಗಾಗಿ ಕೋಶಗಳನ್ನು ಮೆಲ್ಲಗೆ ಸೆಂಟ್ರಿಫ್ಯೂಜ್ ಮಾಡಿ, ಕಡಿಮೆ ಪೊಟ್ಯಾಸಿಯಂ ಬಫರಿಗೆ ಬದಲಿಸಿ, ಬುಡರೇಖೆ ಸಮ ಆಗೋವರೆಗೂ ಕಾಯಿರಿ. ಬಫರಿನ ಪಿಎಚ್ ಸರಿಮಾಡೋಕೆ ಕೆಒಎಚ್ ಹಾಕ್ಬೇಡಿ, ಟ್ರಿಸ್ ಹಾಕಿ. ರೆಫರೆನ್ಸ್ ಎಲೆಕ್ಟ್ರೋಡ್ ಒಳಗಿನ ಕೆಸಿಎಲ್ ಕೂಡ ಮೆಲ್ಲಗೆ ಸೋರುತ್ತೆ. ಎರಡು ಕೋಣೆಯದ್ದು ತಗೊಂಡು ಹೊರಕೋಣೆಗೆ ಲಿಥಿಯಂ ಅಸಿಟೇಟ್ ತುಂಬಿ. ಇಲ್ದಿದ್ರೆ ಕೋಶವೇ ಇಲ್ಲದ ಬೀಕರಿನಲ್ಲೂ ಪೊಟ್ಯಾಸಿಯಂ ಏರ್ತಾ ಹೋಗುತ್ತೆ.

ಬೇರಿಯಂ: ಬೋಲ್ಡ್ಸ್ ಮಾಧ್ಯಮದಲ್ಲಿ ಮೆಗ್ನೀಸಿಯಂ ಸಲ್ಫೇಟಿಂದ ಬರೋ ಸಲ್ಫೇಟ್ ಸುಮಾರು 0.3 ಮಿಲಿಮೋಲಾರ್. ಬೇರಿಯಂ ಸಲ್ಫೇಟ್ ಎಷ್ಟು ಕರಗದ ಲವಣ ಅಂದ್ರೆ ಆ ಸಲ್ಫೇಟ್ ಮುಗಿಯೋವರೆಗೆ ಬೇರಿಯಂ ಅಯಾನು ಮೈಕ್ರೋಮೋಲಾರ್ ಕೂಡ ಉಳಿಯಲ್ಲ. ಫಾಸ್ಫೇಟ್ ಇನ್ನೊಂದಿಷ್ಟು ಹಿಡ್ಕೊಳ್ಳುತ್ತೆ. ದ್ರಾವಣ ಮಬ್ಬಾದ್ರೆ ಫ್ಲೋರಿಮೀಟರಿನಲ್ಲಿ ಬೆಳಕು ಚದುರಿ ಸುಳ್ಳು ಸಂಕೇತ ಬರುತ್ತೆ. ಸಲ್ಫೇಟ್, ಫಾಸ್ಫೇಟ್ ಎರಡೂ ಇಲ್ಲದ ಕ್ಲೋರೈಡ್ ಬಫರಿನಲ್ಲೇ ಬೇರಿಯಂ ಪ್ರಯೋಗ ಮಾಡಿ.

ಸೀಸಿಯಂ: ಪೊಟ್ಯಾಸಿಯಂ ಎಲೆಕ್ಟ್ರೋಡಿನ ಪೊರೆಯಲ್ಲಿ ಪೊಟ್ಯಾಸಿಯಂ ಹಿಡಿಯೋ ವ್ಯಾಲಿನೋಮೈಸಿನ್ ಅನ್ನೋ ಅಣು ಇರುತ್ತೆ, ಅದು ಸೀಸಿಯಮ್ಮನ್ನೂ ಹೆಚ್ಚುಕಡಿಮೆ ಪೊಟ್ಯಾಸಿಯಂ ಅಂತಲೇ ಓದುತ್ತೆ. ಕೆಲವು ಮಿಲಿಮೋಲಾರ್ ಸೀಸಿಯಂ ಹಾಕಿದ್ಮೇಲೆ ಆ ಎಲೆಕ್ಟ್ರೋಡಿನ ಓದು ಯಾವುದಕ್ಕೂ ಬಾರದು. ಇಲ್ಲಿ ನಿಮ್ಮ ಫ್ಲೇಮ್ ಫೋಟೋಮೀಟರೇ ಗತಿ. 0, 2, 5, 10, 15, 30 ನಿಮಿಷಕ್ಕೆ ಮಾದರಿ ತೆಗೆದು, ತಕ್ಷಣ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ಓದಿ. ಒಂದು ಎಚ್ಚರಿಕೆ: ಜ್ವಾಲೆಯಲ್ಲಿ ಸೀಸಿಯಂ ಇದ್ರೆ ಪೊಟ್ಯಾಸಿಯಂ ಅಯಾನೀಕರಣ ತಗ್ಗಿ ಓದು ಹೆಚ್ಚಾಗುತ್ತೆ, ಸ್ಟ್ಯಾಂಡರ್ಡ್ ದ್ರಾವಣಗಳಲ್ಲೂ ಅಷ್ಟೇ ಸೀಸಿಯಂ ಇರಲೇಬೇಕು. ತಳದ ಗುಳಿಗೆಯನ್ನೂ ಎಸೀಬೇಡಿ. ಅದನ್ನು ಆಮ್ಲದಲ್ಲಿ ಕರಗಿಸಿ ಒಳಗೆ ಉಳಿದ ಪೊಟ್ಯಾಸಿಯಂ ಓದಿದ್ರೆ ಒಳಗೆ ಇಳಿದದ್ದೂ ಹೊರಗೆ ಏರಿದ್ದೂ ತಾಳೆ ಆಗುತ್ತೋ ಇಲ್ವೋ ಗೊತ್ತಾಗುತ್ತೆ. ಈ ತಾಳೆ ಇಲ್ಲದ ಸೋರಿಕೆ ಲೆಕ್ಕವನ್ನು ನಂಬೋ ಹಾಗಿಲ್ಲ.

ವೋಲ್ಟೇಜಿಗೆ ಬಿಸ್-ಆಕ್ಸೊನಾಲ್ ಬಣ್ಣ, ಡೈಬ್ಯಾಕ್ ಅಂತ ಸಿಗುತ್ತಲ್ಲ ಅದು. ಋಣ ಆವೇಶದ ಬಣ್ಣ, ಕೋಶ ಡೀಪೋಲರೈಸ್ ಆದ ಹಾಗೆ ಒಳಗೆ ಹೋಗಿ ಹೊಳಪು ಏರುತ್ತೆ. 490 ನ್ಯಾನೋಮೀಟರ್ ಆಸುಪಾಸು ಬೆಳಗಿಸಿ 516 ಆಸುಪಾಸು ಓದಿ. ಕ್ಲೋರೊಫಿಲ್ ಹೊಳಪು 650ರಿಂದ ಮೇಲಿದೆ, ಅಡ್ಡ ಬರಲ್ಲ. ಅಡ್ಡ ಬರೋದು ಬೇರೆ: ಕೋಶ ದಟ್ಟವಾಗಿದ್ರೆ ನೀಲಿ ಬೆಳಕನ್ನೆಲ್ಲ ಹಸಿರು ಬಣ್ಣವೇ ಕುಡಿದುಬಿಡುತ್ತೆ, ಹಾಗಾಗಿ ಎಲೆಕ್ಟ್ರೋಡಿಗಿಂತ ತೆಳುವಾದ ಕೋಶದ್ರಾವಣ ಬೇಕು. ವೈರಸ್ಸಿನ ಒಳಪೊರೆಯೂ ಲಿಪಿಡ್, ಬಣ್ಣ ಅದಕ್ಕೂ ಅಂಟಬಹುದು, ಕೋಶವಿಲ್ಲದೆ ವೈರಸ್ ಮಾತ್ರ ಹಾಕಿ ಒಂದು ಓಟ ನೋಡಿ. ಅಳತೆಪಟ್ಟಿ ಮಾಡೋಕೆ ವ್ಯಾಲಿನೋಮೈಸಿನ್ ಬೇಡ, ಆಕ್ಸೊನಾಲ್ ಬಣ್ಣಗಳು ಅದರ ಪೊಟ್ಯಾಸಿಯಂ ಸಂಕೀರ್ಣಕ್ಕೆ ಜೋಡಿಕೊಳ್ಳುತ್ತೆ. ಈ ಬಣ್ಣ ನಿಧಾನದ್ದು ಅನ್ನೋದೂ ನೆನಪಿರಲಿ: ನಿಮಿಷದೊಳಗಿನ ಬದಲಾವಣೆ ಇದ್ರಲ್ಲಿ ಕಾಣಲ್ಲ.

ಅಮಾಂಟಡೀನ್ ಬಗ್ಗೆ ಒಂದೇ ಮಾತು, ಅದು ಬರೀ ಕೆಸಿವಿ ಔಷಧಿ ಅಲ್ಲ. ಇನ್‌ಫ್ಲುಯೆಂಜಾದ ಎಂ2 ಪ್ರೋಟಾನ್ ಚಾನಲ್ ಮುಚ್ಚೋದೂ ಅದೇ. ಜೊತೆಗೆ ದುರ್ಬಲ ಪ್ರತ್ಯಾಮ್ಲ, ಕೋಶದೊಳಗೆ ಆಮ್ಲೀಯವಾಗಿರೋ ಕಡೆ ಹೋಗಿ ಕೂರುತ್ತೆ. 0.1ರಿಂದ 10 ಮಿಲಿಮೋಲಾರ್‌ವರೆಗೆ ಮೆಟ್ಟಿಲಾಗಿ ಹಾಕಿ, ವೈರಸ್ ಇಲ್ಲದ ಕೋಶದ ಬೆಳವಣಿಗೆಯನ್ನೂ ಅದೇ ಮೆಟ್ಟಿಲುಗಳಲ್ಲಿ ನೋಡಿ. ತಟ್ಟೆಯಲ್ಲಿ ಎರಡು ದಿನ ಔಷಧಿ ಇದ್ರೆ ಪ್ಲಾಕ್ ಬರದೇ ಹೋಗಿದ್ದು ಚಾನಲ್ ಮುಚ್ಚಿದ್ದಕ್ಕೋ ಕೋಶ ಸೊರಗಿದ್ದಕ್ಕೋ ಹೇಳೋಕಾಗಲ್ಲ.

---

ಹಸಿರುನೀರು

ಮೂವರಿಗೂ ಧನ್ಯವಾದ. ಸೀಸಿಯಂ-ಎಲೆಕ್ಟ್ರೋಡ್ ವಿಷಯ ಹೊಳೆದೇ ಇರಲಿಲ್ಲ. ಇನ್ನೆರಡು ಅನುಮಾನ. ತಡೆಮದ್ದು ಹಾಕಿದಾಗ ಸಂಕೇತ ನಿಂತರೆ, ಅದು ಚಾನಲ್ ಮುಚ್ಚಿದ್ದರಿಂದಲೇ ನಿಂತಿತು, ವೈರಸ್ ಅಂಟಿಕೊಳ್ಳದೆ ಹೋದದ್ದರಿಂದಲ್ಲ ಎಂದು ಹೇಗೆ ತೋರಿಸುವುದು? ಮತ್ತೆ, ಡೀಪೋಲರೈಸೇಶನ್ ಎರಡನೆಯ ವೈರಸ್ ಒಳಬರದಂತೆ ತಡೆಯುತ್ತದೆ ಎನ್ನುತ್ತಾರಲ್ಲ, ಅದು ಎಷ್ಟು ಗಟ್ಟಿ?

---

ಪೊರೆಯಾಚೆ

ಎರಡನೆಯದು ನನಗೆ ಈ ಇಡೀ ವಿಷಯದಲ್ಲೇ ಅತ್ಯಂತ ಇಷ್ಟವಾದ ಪ್ರಯೋಗ, ಅದನ್ನೇ ಮೊದಲು ಹೇಳುತ್ತೇನೆ.

ಪಿಬಿಸಿವಿ-1 ಮತ್ತು ಎನ್‌ವೈ-2ಎ ಎರಡೂ ಎನ್‌ಸಿ64ಎ ಕೋಶವನ್ನೇ ಹಿಡಿಯುತ್ತವೆ. ಎರಡರ ಚಾನಲ್‌ಗಳೂ ಬಹುಪಾಲು ಒಂದೇ. ಆದರೆ ಎನ್‌ವೈ-2ಎ ಚಾನಲ್ಲನ್ನು ಸೀಸಿಯಂ ಬಲವಾಗಿ ತಡೆಯುತ್ತದೆ, ಪಿಬಿಸಿವಿ-1ರದ್ದಕ್ಕೆ ಅದರಿಂದ ಅಷ್ಟೇನೂ ಬಾಧೆಯಿಲ್ಲ. ಎರಡು ವೈರಸ್ಸಿನ ಡಿಎನ್‌ಎಯನ್ನು ರಿಯಲ್ ಟೈಮ್ ಪಿಸಿಆರ್‌ನಲ್ಲಿ ಬೇರೆ ಬೇರೆ ಗುರುತಿಸಲೂ ಬರುತ್ತದೆ. 2009ರಲ್ಲಿ ಇದನ್ನೇ ಬಳಸಿಕೊಂಡರು. ಒಂದನ್ನು ಇನ್ನೊಂದಕ್ಕಿಂತ 5ರಿಂದ 15 ನಿಮಿಷ ಮೊದಲು ಹಾಕಿದರೆ, ಮೊದಲು ಬಂದದ್ದೇ ಬಹುಮಟ್ಟಿಗೆ ಬೆಳೆಯುತ್ತದೆ. ಎನ್‌ವೈ-2ಎ ತರುವ ಡೀಪೋಲರೈಸೇಶನ್ನನ್ನು ಸೀಸಿಯಮ್ಮಿನಿಂದ ತಡೆದಾಗ ಮಾತ್ರ, ಹಿಂದೆ ಬಂದ ಪಿಬಿಸಿವಿ-1 ಒಳಗೆ ಹೋಯಿತು. ಅಂದರೆ ಬಾಗಿಲು ಮುಚ್ಚುವುದರಲ್ಲಿ ವೋಲ್ಟೇಜಿಗೆ ಪಾಲಿದೆ. ಅವರು ತೀರ್ಮಾನಿಸಿದ್ದೂ ‘ಕನಿಷ್ಠ ಭಾಗಶಃ’ ಎಂದೇ.

ಸೀಸಿಯಂ ಏಕೆ ಇಷ್ಟು ಒಳ್ಳೆಯ ಸಾಧನ ಎಂದರೆ, ಕೋಶ ಅದೇ, ಮದ್ದು ಅದೇ, ವೈರಸ್ ಮಾತ್ರ ಬೇರೆ. ಸೀಸಿಯಂ ಕೋಶಕ್ಕೆ ಬೇರೆ ಏನೇ ಮಾಡಿದರೂ ಎರಡು ವೈರಸ್ಸಿಗೂ ಸಮನಾಗಿ ಮಾಡಬೇಕು. 2006ರಲ್ಲಿ ನಾಲ್ಕು ವೈರಸ್ಸುಗಳನ್ನು ಹೋಲಿಸಿದಾಗಲೂ ಹೀಗೇ ಕಂಡಿತ್ತು: ಸೀಸಿಯಮ್ಮಿಗೆ ಬಗ್ಗುವ ಚಾನಲ್ ಇರುವ ವೈರಸ್ಸುಗಳ ಡೀಪೋಲರೈಸೇಶನ್ ಮಾತ್ರ ತಗ್ಗಿತು. ಅರ್ಧ ಏರಿಕೆಗೆ ಹಿಡಿದ ಹೊತ್ತು ಆ ನಾಲ್ಕರಲ್ಲಿ ಎಸ್‌ಸಿ-1ಎ ಎಂಬುದಕ್ಕೆ ಸುಮಾರು 9 ನಿಮಿಷ, ಎನ್‌ವೈ-2ಎಗೆ ಸುಮಾರು 12. ನಿಮ್ಮ ಓದು ಈ ಆಸುಪಾಸಿನಲ್ಲಿ ಇರಬೇಕು. ಒಂದೇ ನಿಮಿಷದಲ್ಲಿ ಪೂರ್ತಿ ಏರಿತು ಎಂದರೆ ಬಫರನ್ನು ಅನುಮಾನಿಸಿ. ನಿಮಗೂ ನನ್ನ ಸಲಹೆ ಇದೇ, ಎರಡು ವೈರಸ್ ಇಟ್ಟುಕೊಂಡು ಸೀಸಿಯಂ ಒಂದನ್ನೇ ಬಳಸಿ. ಅಮಾಂಟಡೀನ್ ಅದರ ಪಕ್ಕಕ್ಕೂ ಬರುವುದಿಲ್ಲ.

ಜೀನ್ ಇಲ್ಲದ ಕ್ಲೋರೋವೈರಸ್ಸುಗಳೂ ಇವೆ ಎಂದು ಮೇಲೆ ಹೇಳಿದೆನಲ್ಲ, ಹಾಗಾಗಿ ‘ಚಾನಲ್ ಇಲ್ಲದೆ ಯಾವ ಕ್ಲೋರೋವೈರಸ್ಸೂ ಸೋಂಕು ಹಚ್ಚಲಾರದು’ ಎಂದು ಬರೆಯಬೇಡಿ. ಪಿಬಿಸಿವಿ-1 ಮತ್ತು ಅದರ ಹತ್ತಿರದವುಗಳ ಬಗ್ಗೆ ಮಾತ್ರ ಹೇಳಿ. ಎಕ್ಟೋಕಾರ್ಪಸ್ ಎಂಬ ಕಂದು ಪಾಚಿಯ ಇಎಸ್‌ವಿ-1 ವೈರಸ್ಸಿಗೂ 124 ಅಮೈನೋ ಆಮ್ಲದ ಚಾನಲ್ ಇದೆ. ಬೇರೆ ಕೋಶಗಳಲ್ಲಿ ಮೂಡಿಸಿದಾಗ ಅದು ಹೋಗಿ ಸೇರುವುದು ಮೈಟೋಕಾಂಡ್ರಿಯಾಕ್ಕೆ. ಅದಕ್ಕೂ ಇದೇ ಕಥೆ ಹೊಂದುತ್ತದೆ ಎಂದು ಭಾವಿಸುವ ಹಾಗಿಲ್ಲ.

---

ಅಗಾರ್ ತಟ್ಟೆ

ಅಂಟಿಕೊಳ್ಳೋ ಪ್ರಶ್ನೆಗೆ ಉಪಾಯ ಸರಳ. ತಡೆಮದ್ದು ಇರೋ ಟ್ಯೂಬ್, ಇಲ್ಲದ ಟ್ಯೂಬ್, ಕೋಶವೇ ಇಲ್ಲದ ಟ್ಯೂಬ್, ಮೂರಕ್ಕೂ ಒಂದೇ ಪ್ರಮಾಣ ವೈರಸ್ ಹಾಕಿ. 5, 10, 20 ನಿಮಿಷಕ್ಕೆ ಮೆಲ್ಲಗೆ ಸೆಂಟ್ರಿಫ್ಯೂಜ್ ಮಾಡಿ ಕೋಶ ಕೆಳಗಿಳಿಸಿ. ಅಂಟದೆ ಉಳಿದ ವೈರಸ್ ಮೇಲಿನ ತಿಳಿಯಲ್ಲಿರುತ್ತೆ. ಅದನ್ನು ನೂರು ಪಟ್ಟಿಗಿಂತ ಹೆಚ್ಚು ತೆಳು ಮಾಡಿ, ಅಂದ್ರೆ ಮದ್ದಿನ ಪ್ರಭಾವ ಉಳಿಯದಷ್ಟು, ಹೊಸ ಕೋಶಗಳ ಮೇಲೆ ಪ್ಲಾಕ್ ಎಣಿಸಿ. ಮದ್ದಿದ್ರೂ ಇಲ್ಲದಿದ್ರೂ ತಿಳಿಯಲ್ಲಿ ವೈರಸ್ ಒಂದೇ ವೇಗದಲ್ಲಿ ಇಳಿದ್ರೆ ಅಂಟಿಕೊಳ್ಳೋದು ಸರಿಯಾಗೇ ನಡೀತಿದೆ, ಮದ್ದು ಹಿಡೀತಿರೋದು ಆಮೇಲಿನ ಹೆಜ್ಜೆಯನ್ನ. ಕೋಶವಿಲ್ಲದ ಟ್ಯೂಬಿನಲ್ಲೂ ಇಳಿದ್ರೆ ಮದ್ದೇ ವೈರಸ್ಸನ್ನು ಕೆಡಿಸ್ತಿದೆ ಅಥವಾ ವೈರಸ್ ಟ್ಯೂಬಿನ ಗೋಡೆಗೆ ಅಂಟ್ತಿದೆ. ಸೆಂಟ್ರಿಫ್ಯೂಜ್ ವೇಗ ಜಾಸ್ತಿ ಮಾಡ್ಬೇಡಿ, ವೈರಸ್ಸೂ ಕೆಳಗಿಳಿದು ಎಲ್ಲ ಅಂಟಿಕೊಂಡ ಹಾಗೆ ಕಾಣುತ್ತೆ.

---

ಟರ್ಗರ್

ಒಂದು ಸೇರ್ಪಡೆ. ಸೈಕ್ಲೋಹೆಕ್ಸಿಮೈಡ್ ಹಾಕಿ ಪ್ರೋಟೀನ್ ತಯಾರಿಕೆ ನಿಲ್ಲಿಸಿದ ಕೋಶಗಳಲ್ಲೂ ಒಂದು ಓಟ ಮಾಡಿ. ಚಾನಲ್ ಕಣದ ಜೊತೆಗೇ ಬರುತ್ತದೆ ಎನ್ನುವುದು ನಿಜವಾದರೆ ಮೊದಲ ಏರಿಕೆಗೆ ಅದರಿಂದ ಧಕ್ಕೆಯಾಗಬಾರದು. ಜೊತೆಗೆ, ಹೊರಗಿನ ಪೊಟ್ಯಾಸಿಯಂ ಹೆಚ್ಚಿಸಿ ಸೋರಿಕೆ ತಡೆಯೋಣ ಎಂಬ ಆಸೆ ಬಂದರೆ ತಡೆಯಿರಿ. ಹೊರಗೆ 50 ಮಿಲಿಮೋಲಾರ್ ಇಟ್ಟರೆ ಸಮತೋಲನವೇ −18 ಮಿಲಿವೋಲ್ಟಿಗೆ ಏರುತ್ತದೆ. ವೈರಸ್ ಹಾಕುವ ಮೊದಲೇ ಕೋಶ ಡೀಪೋಲರೈಸ್ ಆಗಬಹುದು, ಆಮೇಲೆ ಬಂದ ಫಲಿತಾಂಶ ಸೋರಿಕೆ ನಿಂತದ್ದಕ್ಕೋ ವೋಲ್ಟೇಜ್ ಬದಲಾದದ್ದಕ್ಕೋ ಬಿಡಿಸಲು ಬರುವುದಿಲ್ಲ. ಒತ್ತಡದ ಪಾಲನ್ನು ಬೇರೆಯಾಗಿ ನೋಡಬೇಕೆಂದರೆ ಪೊಟ್ಯಾಸಿಯಂ ಮುಟ್ಟದೆ ಹೊರಗೆ ಸಾರ್ಬಿಟಾಲ್ ಹಾಕಿ ಟರ್ಗರ್ ಇಳಿಸಿ. 200 ಮಿಲಿಮೋಲಾರ್ ಸಾರ್ಬಿಟಾಲ್ ಸುಮಾರು ಅರ್ಧ ಮೆಗಾಪಾಸ್ಕಲ್ಲಿಗೆ ಸಮ. ವೈರಸ್ ಹಾಕುವುದಕ್ಕೆ ಸ್ವಲ್ಪವೇ ಮೊದಲು ಸೇರಿಸಿ, ಬಹಳ ಹೊತ್ತು ಬಿಟ್ಟರೆ ಕೋಶ ಒಳಗಿನ ದ್ರಾವ್ಯಗಳನ್ನು ಏರಿಸಿಕೊಂಡು ಟರ್ಗರನ್ನು ಮತ್ತೆ ಮೊದಲಿನ ಮಟ್ಟಕ್ಕೆ ತಂದುಕೊಳ್ಳುತ್ತದೆ.